ಹೃದಯದ ಮೇಲೆ ಹನ್ನೆರಡು ಪುಟ

ಆ ಸೋಮವಾರ ಬೆಳಿಗ್ಗೆ ಹಿಮ ಮೇಲಿನಿಂದ ಬೀಳುತ್ತಿರಲಿಲ್ಲ, ಈರಿ ಸರೋವರದ ಕಡೆಯಿಂದ ಅಡ್ಡಡ್ಡ ಹಾರಿ ಬರುತ್ತಿತ್ತು. ಮಾರ್ಚ್ ಹುಟ್ಟಿ ಮೂರು ದಿನವಾಗಿದ್ದರೂ ಚಳಿಗಾಲ ಮುಗಿಯಿತೆಂದು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಬಸ್ ನಿಲ್ದಾಣದ ಗಾಜಿನ ಗೂಡಿನಲ್ಲಿ ಒಂದು ಗಾಜು ಹೋದ ವರ್ಷವೇ ಒಡೆದಿತ್ತು. ಆ ಕಂಡಿಗೆ ಬೆನ್ನು ಕೊಟ್ಟು ಆರ್ಲೀತಾ ಪ್ರೂವಿಟ್ ಫೋನನ್ನು ಕೋಟಿನ ಒಳಗೆ ಎದೆಗೆ ಒತ್ತಿಕೊಂಡು ನಿಂತಿದ್ದಳು. ಫೋನಿನಲ್ಲಿ ಇದ್ದದ್ದು ಒಂದೇ ಒಂದು ಅಕ್ಷರ. ಬೆಳಗಿನ ಪ್ರಾರ್ಥನೆ ಮುಗಿಸಿ ಎದ್ದವಳು ಅದನ್ನು ಒಮ್ಮೆ ನೋಡಿದ್ದಳು. ಮತ್ತೆ ನೋಡುವ ಮನಸ್ಸಾಗಿರಲಿಲ್ಲ. ನೋಡಿದಷ್ಟೂ ಅದು ಅಲ್ಲೇ ಬೇರುಬಿಡುತ್ತದೋ ಏನೋ ಎಂದು ಭಯ.

ಡಿಸೆಂಬರಿನಿಂದ ಆ ಜಾಗದಲ್ಲಿ 'ಐ' ಎಂಬ ಅಕ್ಷರವಿತ್ತು. ಅಪೂರ್ಣ ಎಂದು ಅದರ ಅರ್ಥ. ವಿದ್ಯಾರ್ಥಿಗೆ ಏನೋ ಕಷ್ಟ ಬಂದಿದೆ, ಒಂದು ಕೆಲಸ ಬಾಕಿ ಉಳಿದಿದೆ, ಅದನ್ನು ಮುಗಿಸಿಕೊಟ್ಟರೆ ಅಂಕ ಕೊಡುತ್ತೇನೆ ಎಂದು ಮೇಷ್ಟ್ರು ಹಾಕುವ ಅಕ್ಷರ. ಅಲ್ಲಿನ ಭಾಷೆಯಲ್ಲಿ 'ನಾನು' ಅನ್ನುವುದಕ್ಕೂ ಅದೇ ಅಕ್ಷರ. ಕಾಲೇಜಿನ ಬಾಗಿಲು ಕಾಯುವ ಯಾನ್ಸಿ, ಅವಳ ಚರ್ಚಿನಲ್ಲಿ ಪಾದ್ರಿಗೆ ನೆರವಾಗುವ ಡೀಕನ್ನೂ ಹೌದು, ಅದನ್ನು ಕೇಳಿ ಆಗ ನಕ್ಕಿದ್ದ. "ಅಂಕಪಟ್ಟೀಲಿ ನೀವೇ ನಿಂತ್ಬಿಟ್ಟಿದ್ದೀರಲ್ಲ ಸಿಸ್ಟರ್, ಇನ್ನೇನು ಬೇಕು?" ಎಂದಿದ್ದ. ಅವರ ಚರ್ಚಿನಲ್ಲಿ ಹೆಂಗಸರನ್ನೆಲ್ಲ ಸಿಸ್ಟರ್ ಎಂದೇ ಕರೆಯುವುದು. ಈಗ ಆ ನಾನು ಅಲ್ಲಿರಲಿಲ್ಲ. ಅದರ ಜಾಗದಲ್ಲಿ 'ಎಫ್' ಬಂದಿತ್ತು. ನಪಾಸು.

ಪೆಟ್ಟಿಬೋನ್ ಕಮ್ಯುನಿಟಿ ಕಾಲೇಜನ್ನು ಊರಿನ ಪೂರ್ವಭಾಗದವರು ಯಾರೂ ಪೂರ್ತಿ ಹೆಸರಿನಿಂದ ಕರೆಯುವುದಿಲ್ಲ. 'ಬೋನ್' ಅಂದರೆ ಸಾಕು, ಮೂಳೆ ಎಂದು ಅದರ ಅರ್ಥ. ಬಸ್ಸಿನ ಡ್ರೈವರುಗಳೂ "ಮೂಳೆ ಬಂತು, ಮೂಳೆಯವರು ಇಳೀರಿ" ಎಂದೇ ಕೂಗುವುದು. ಉಕ್ಕಿನ ಕಾರ್ಖಾನೆ ಮುಚ್ಚಿದ ಮೇಲೆ ಉಳಿದ ಜಾಗದಲ್ಲಿ ಕೌಂಟಿಯವರು, ಅಂದರೆ ಜಿಲ್ಲಾಡಳಿತ, ಕಟ್ಟಿಸಿದ ನಾಲ್ಕು ಇಟ್ಟಿಗೆ ಕಟ್ಟಡಗಳು. ಯಾರು ಬಂದರೂ ಸೇರಿಸಿಕೊಳ್ಳುತ್ತಾರೆ. ಹೈಸ್ಕೂಲು ಅರ್ಧಕ್ಕೆ ಬಿಟ್ಟವರು, ಜೈಲಿನಿಂದ ಬಂದವರು, ಕಾರ್ಖಾನೆಯಿಂದ ಹೊರಬಿದ್ದವರು, ಹಾಲುಗಲ್ಲದ ಮಗುವನ್ನು ಸೊಂಟಕ್ಕೆ ಏರಿಸಿಕೊಂಡ ಹುಡುಗಿಯರು, ಮೊಮ್ಮಕ್ಕಳ ಪಕ್ಕ ಕೂತು ಗಣಿತ ಕಲಿಯುವ ಅಜ್ಜಂದಿರು. ಬೆಳಿಗ್ಗೆ ಏಳಕ್ಕೆ ತೆರೆದ ಬಾಗಿಲು ರಾತ್ರಿ ಹತ್ತರವರೆಗೆ ತೆರೆದೇ ಇರುತ್ತದೆ. ಸೆಪ್ಟೆಂಬರಿನಲ್ಲಿ ಕೂರಲು ಕುರ್ಚಿ ಸಾಲುವುದಿಲ್ಲ, ಅಕ್ಟೋಬರಿಗೆ ಎಲ್ಲಿ ಬೇಕಾದರೂ ಕೂರಬಹುದು. ಒಬ್ಬರ ಕಾರು ಕೆಟ್ಟಿತು, ಇನ್ನೊಬ್ಬರ ಪಾಳಿ ಬದಲಾಯಿತು, ಮತ್ತೊಬ್ಬರ ತಾಯಿ ಹಾಸಿಗೆ ಹಿಡಿದರು. ಜಗಳವಿಲ್ಲ, ರಾಜೀನಾಮೆಯಿಲ್ಲ. ಒಂದು ದಿನ ಬರುವುದಿಲ್ಲ, ಆಮೇಲೆ ಬರುವುದೇ ಇಲ್ಲ.

ಆರ್ಲೀತಾ ಹಾಗೆ ಹೋದವಳಲ್ಲ. ವೃದ್ಧರ ಆರೈಕೆ ಮನೆಯೊಂದರಲ್ಲಿ ಇಪ್ಪತ್ತಾರು ವರ್ಷಗಳಿಂದ ಆಯಾ ಆಗಿದ್ದಳು. ಮುದುಕರನ್ನು ಎತ್ತಿ ಕೂರಿಸುವುದು, ಸ್ನಾನ ಮಾಡಿಸುವುದು, ಉಣಿಸುವುದು, ಕೊನೆಗೆ ಕಣ್ಣು ಮುಚ್ಚಿಸುವುದು. ಮಾತ್ರೆ ಕೊಡಲು ಮಾತ್ರ ನರ್ಸ್ ಬರಬೇಕು. ಎದುರಿಗಿರುವ ಜೀವ ಏದುಸಿರು ಬಿಡುತ್ತಿದ್ದರೂ, ಏನು ಮಾಡಬೇಕೆಂದು ತನಗೆ ಗೊತ್ತಿದ್ದರೂ, ಕೈಕಟ್ಟಿ ನಿಂತು ಗಂಟೆ ಒತ್ತಬೇಕು. ನಲವತ್ತನಾಲ್ಕನೇ ವಯಸ್ಸಿನಲ್ಲಿ ಅವಳು ಬೋನ್ ಕಾಲೇಜಿನ ಬಾಗಿಲು ದಾಟಿದ್ದು ಅದಕ್ಕೇ. ದುಡಿಯುತ್ತಲೇ, ಅರ್ಧ ವರ್ಷದ ಒಂದು ಅವಧಿಗೆ ಒಂದೇ ವಿಷಯದ ಪಾಠ. ಏಳು ವರ್ಷ ಹಾಗೆಯೇ ಸವೆದವು. ಕಳೆದ ನವೆಂಬರಿನಲ್ಲಿ ನರ್ಸಿಂಗ್ ವಿಭಾಗದಿಂದ ಕಾಗದ ಬಂತು. ನಾಲ್ಕುನೂರು ಅರ್ಜಿಗಳಿಗೆ ಇದ್ದ ನಲವತ್ತು ಸೀಟುಗಳಲ್ಲಿ ಒಂದು ಅವಳದು, ಅಂಗರಚನೆ ಎರಡನೇ ಭಾಗದಲ್ಲಿ ಪಾಸಾದರೆ. ನ್ಯೂ ಗಿಲ್ಯಾಡ್ ಚರ್ಚಿನಲ್ಲಿ ಆ ಭಾನುವಾರ ಪಾದ್ರಿ ಅವಳನ್ನು ಎದ್ದು ನಿಲ್ಲಿಸಿದಾಗ ಮುಂದಿನ ಸಾಲಿನ ಮುದುಕಿಯರು ಬೀಸಣಿಗೆ ಮಡಚಿಟ್ಟು ಚಪ್ಪಾಳೆ ತಟ್ಟಿದ್ದರು.

ಆಮೇಲೆ ಡಿಸೆಂಬರ್ ಬಂತು. ಪರೀಕ್ಷೆಯ ವಾರ ತಮ್ಮ ಲೆಮ್ಯುಯೆಲ್ ಆಸ್ಪತ್ರೆ ಸೇರಿದ. ಹೃದಯ ಸೋತಿತ್ತು. ಮಂಗಳವಾರ ಸಂಜೆ ಪರೀಕ್ಷೆ, ಮಂಗಳವಾರ ಬೆಳಿಗ್ಗೆಯೇ ಅವನು ಹೋದ. ಅಂಗರಚನೆಯ ಮೇಷ್ಟ್ರು ಕೊಸೆಲ್ ಫೋನಿನಲ್ಲಿ ವಿಷಯ ಕೇಳಿ, "ಪರೀಕ್ಷೆ ಬಿಡಿ ಮೇಡಂ, ಮಣ್ಣು ಮುಗಿಸಿ. ಪರೀಕ್ಷೆಗೆ ಬದಲಾಗಿ ಹೃದಯದ ಮೇಲೆ ಹನ್ನೆರಡು ಪುಟ ಬರೆದುಕೊಡಿ, ಸಾಕು" ಎಂದಿದ್ದರು. ಅಪೂರ್ಣದ ನಮೂನೆಯಲ್ಲಿ ಇಬ್ಬರೂ ಸಹಿ ಹಾಕಿದರು. ವಸಂತದ ಅವಧಿಯ ಏಳನೇ ವಾರದ ಶುಕ್ರವಾರ ಗಡುವು. ಕಾಲೇಜಿನ ಈಮೇಲಿಗೇ ಕಳಿಸಬೇಕು, ಬೇರೆ ದಾರಿಯಿಲ್ಲ ಎಂದು ನಮೂನೆಯಲ್ಲೇ ಅಚ್ಚಾಗಿತ್ತು.

ಅವಳು ಗಡುವಿನವರೆಗೆ ಕಾಯಲಿಲ್ಲ. ಕ್ರಿಸ್‌ಮಸ್ಸಿನ ರಜೆಯಲ್ಲೇ ಕೂತು ಬರೆದಳು. ಐವತ್ತೆರಡು ವರ್ಷದ ಒಬ್ಬ ಗಂಡಸು, ಲಾರಿಗೆ ಸಾಮಾನು ಏರಿಸುವ ಕೆಲಸ, ಎರಡು ವರ್ಷದಿಂದ ಕಾಲು ಊತ, ಮಲಗಿದರೆ ಉಸಿರು ಕಟ್ಟುತ್ತದೆಂದು ಕುರ್ಚಿಯಲ್ಲೇ ನಿದ್ದೆ. ಹೆಸರು ಹಾಕಲಿಲ್ಲ. 'ರೋಗಿ' ಎಂದು ಮಾತ್ರ ಬರೆದಳು. ಪ್ರತಿ ಸಲ ಆ ಪದ ಬರೆಯುವಾಗಲೂ ಕೈ ಒಂದು ಗಳಿಗೆ ನಿಲ್ಲುತ್ತಿತ್ತು. ವಯಸ್ಸನ್ನೂ ಮೂರು ವರ್ಷ ಏರಿಸಿದ್ದಳು, ಯಾರಿಗೂ ತಿಳಿಯದಿರಲಿ ಎಂದು. ಜನವರಿ ಒಂಬತ್ತಕ್ಕೆ ಕಳಿಸಿ ಕಾದಳು. ವಾರಕ್ಕೊಮ್ಮೆ ನೋಡಿದಾಗಲೂ 'ಐ' ಹಾಗೇ ಇತ್ತು. ಮೇಷ್ಟ್ರು ನಿಧಾನವಾಗಿ ಓದುತ್ತಿರಬಹುದು ಎಂದುಕೊಂಡಳು. ಓದುವವರ ಬೆನ್ನು ಹತ್ತಬಾರದು, ದೊಡ್ಡವರನ್ನು ಅವಸರಪಡಿಸಬಾರದು ಎಂಬುದು ಅವಳ ಅಜ್ಜಿ ದಕ್ಷಿಣದ ಅಲಬಾಮಾದಿಂದ ಹೊತ್ತು ತಂದ ನಡವಳಿಕೆ. ಕಾಯುವುದೂ ಒಂದು ಪ್ರಾರ್ಥನೆಯೇ ಎಂದು ನಂಬಿದ ಹೆಂಗಸು ಆರ್ಲೀತಾ.

ಬಾಗಿಲಲ್ಲಿ ಯಾನ್ಸಿ ಕೂತಿದ್ದ. ಕಾಲಿನ ಹಿಮ ಒದರುತ್ತಿದ್ದವಳನ್ನು ನೋಡಿ, "ಬನ್ನಿ ಸಿಸ್ಟರ್ ಪ್ರೂವಿಟ್. ಈ ಗಾಳಿ ನೆಟ್ಟಗೆ ಕೆನಡಾದಿಂದ ಬರ್ತಾ ಇದೆ. ಪಾಸ್‌ಪೋರ್ಟ್ ತೋರ್ಸು ಅಂದ್ರೆ ಕೇಳಲ್ಲ, ಒಳಗೇ ನುಗ್ತದೆ. ನನ್ನ ಕೆಲ್ಸಕ್ಕೆ ಬೆಲೆನೇ ಇಲ್ಲ" ಎಂದ.

"ಡೀಕನ್, 'ಐ' ಹೋಗಿ 'ಎಫ್' ಆಗಿದೆ."

ಯಾನ್ಸಿಯ ನಗು ಅರ್ಧಕ್ಕೆ ನಿಂತಿತು. "ಯಾವಾಗ?"

"ಶುಕ್ರವಾರ ರಾತ್ರಿಗೆ ಗಡುವು ಮುಗಿದಿತ್ತು. ತಾನೇ ಬದಲಾಗಿದೆ. ಕಂಪ್ಯೂಟರಿನ ಕೆಲ್ಸ."

"ಬರ್ದು ಕೊಟ್ಟಿದ್ರಲ್ಲ ನೀವು?"

"ಜನವರೀಲೇ ಕೊಟ್ಟೆ."

"ಹಂಗಾದ್ರೆ ತಪ್ಪು ಅವರದೇ. ಹೋಗಿ ಕೇಳಿ, ಸರಿ ಮಾಡ್ತಾರೆ." ಹಾಗೆ ಹೇಳಿದವನು ಮೇಜಿನ ಮೇಲಿನ ಪುಸ್ತಕದ ಮೂಲೆಯನ್ನು ಮಡಚುತ್ತಾ, "ಆದ್ರೆ ಸಿಸ್ಟರ್, ಈ ಡಿಕ್ಕಿ ಪ್ರೊಫೆಸರ್ ಕಾರು ನಾನು ಕ್ರಿಸ್‌ಮಸ್ ಆದ್ಮೇಲೆ ನೋಡಿದ್ದೇ ಇಲ್ಲ. ರಾತ್ರಿ ಕ್ಲಾಸಿಗೆ ಹಾಕಿರ್ಬೇಕು ಅಂತ ಅಂದ್ಕೊಂಡಿದ್ದೆ" ಎಂದ.

ಕೊಸೆಲ್‌ರಿಗೆ ಆ ಹೆಸರು ಹುಡುಗರು ಇಟ್ಟದ್ದು. ಅವರಿಗೆ ಕಾಲೇಜಿನಲ್ಲಿ ಕೋಣೆಯಿರಲಿಲ್ಲ, ಮೇಜಿರಲಿಲ್ಲ. ಒಂದೊಂದು ಅವಧಿಗೆ ಒಂದೊಂದು ಪಾಠಕ್ಕೆಂದು ಕರೆಸಿಕೊಳ್ಳುವ ಅರೆಕಾಲಿಕ ಮೇಷ್ಟ್ರು. ಮೂರು ಊರಿನ ಮೂರು ಕಾಲೇಜುಗಳಿಗೆ ಓಡಾಡುತ್ತಿದ್ದರು. ಅವರ ಪುಸ್ತಕ, ಉತ್ತರಪತ್ರಿಕೆ, ಪ್ಲಾಸ್ಟಿಕ್ಕಿನ ಮೂತ್ರಪಿಂಡ, ಎಲ್ಲ ಹಳೇ ಕಾರಿನ ಡಿಕ್ಕಿಯಲ್ಲಿ. ಅನುಮಾನ ಕೇಳಬೇಕೆಂದವರು ಕಾರು ನಿಲ್ಲಿಸುವ ಜಾಗಕ್ಕೆ ಹೋಗಬೇಕು. ಮಳೆ ಬಂದರೆ ಎತ್ತಿದ ಡಿಕ್ಕಿಯ ಕೆಳಗೆ ಮೇಷ್ಟ್ರೂ ವಿದ್ಯಾರ್ಥಿಯೂ ಭುಜಕ್ಕೆ ಭುಜ ಕೊಟ್ಟು ನಿಲ್ಲುತ್ತಿದ್ದರು.

ದಾಖಲೆ ವಿಭಾಗದಲ್ಲಿ ಚೀಟಿ ತೆಗೆದುಕೊಂಡು ಕೂತಳು. ಕಿಟಕಿಯಲ್ಲಿದ್ದದ್ದು ರೆನೀಟಾ, ಒಂದು ಕಾಲದಲ್ಲಿ ಅವಳ ಜೊತೆಗೇ ಬೀಜಗಣಿತ ಕಲಿತ ಹುಡುಗಿ. ಕಂಪ್ಯೂಟರ್ ನೋಡುತ್ತಿದ್ದ ಹಾಗೆ ಅವಳ ಹುಬ್ಬು ಗಂಟಿಕ್ಕಿತು.

"ಮಿಸ್ ಆರ್ಲೀತಾ, ಕೊಸೆಲ್ ಅನ್ನೋರು ನಮ್ಮಲ್ಲಿ ಇಲ್ಲ."

"ಇಲ್ಲ ಅಂದ್ರೆ? ಇದ್ರಲ್ಲ ಮಗಳೇ, ನನಗೆ ಪಾಠ ಮಾಡಿದ್ದಾರೆ."

"ಹೋದ ಅವಧೀಲಿ ಇದ್ರು. ಈ ಸಲ ಅವರ ಕ್ಲಾಸಿಗೆ ಹನ್ನೆರಡು ಜನ ಸೇರ್ಲಿಲ್ಲ. ಹನ್ನೊಂದೇ ಆದ್ರು. ಕ್ಲಾಸು ರದ್ದಾಯ್ತು. ಕ್ಲಾಸಿಲ್ಲ ಅಂದ್ರೆ ಅವರು ನೌಕರರಲ್ಲ. ನೌಕರರಲ್ಲ ಅಂದ್ರೆ…" ರೆನೀಟಾ ಮಾತು ನಿಲ್ಲಿಸಿ, ಬೆರಳಿನಿಂದ ಪರದೆಯ ಮೇಲೆ ಒಂದು ಸಾಲನ್ನು ಹುಡುಕಿದಳು. "ಈಮೇಲ್ ಮುಚ್ಚಿದ್ದಾರೆ. ಜನವರಿ ಎಂಟಕ್ಕೆ."

"ನಾನು ಒಂಬತ್ತಕ್ಕೆ ಕಳ್ಸಿದ್ದು."

"ಹೂಂ."

"ವಾಪಸ್ ಬರ್ಲಿಲ್ಲವಲ್ಲ ಅದು? ಅಂಚೆ ಆದ್ರೆ ವಿಳಾಸದಾರರು ಇಲ್ಲ ಅಂತ ಬರೆದು ವಾಪಸ್ ತರ್ತಾರೆ."

"ಮುಚ್ಚಿದ ಪೆಟ್ಟಿಗೆಗೆ ಬಿದ್ದದ್ದು ಬಿದ್ದ ಹಂಗೇ ಮಿಸ್ ಆರ್ಲೀತಾ. ಯಾರೂ ತೆಗೆಯಲ್ಲ, ಯಾರೂ ವಾಪಸ್ ಕಳ್ಸಲ್ಲ."

ಎರಡು ತಿಂಗಳು ಅವಳು ಕಾದದ್ದು ಯಾರೂ ಇಲ್ಲದ ಮನೆಯ ಬಾಗಿಲ ಮುಂದೆ. ಒಳಗೆ ದೀಪವಿದೆಯೆಂದು ನಂಬಿ, ಬಾಗಿಲು ಬಡಿದರೆ ಅವರಿಗೆ ತೊಂದರೆಯಾದೀತೆಂದು ಸುಮ್ಮನೆ ನಿಂತಿದ್ದಳು. ರೆನೀಟಾ ಧ್ವನಿ ತಗ್ಗಿಸಿ ಮುಂದಿನದನ್ನು ಹೇಳಿದಳು. ಮೇಷ್ಟ್ರು ಸಹಿ ಹಾಕಿದ ತಿದ್ದುಪಡಿ ನಮೂನೆ ಬಂದರೆ ಅಂಕ ಬದಲಾಗುತ್ತದೆ. ನೌಕರರಲ್ಲದ ಮೇಷ್ಟ್ರ ಸಹಿ ನಡೆಯುವುದಿಲ್ಲವಾದ್ದರಿಂದ ಮೇಲ್ಮನವಿ ಸಮಿತಿ ಒಪ್ಪಬೇಕು. ಸಮಿತಿ ಸೇರುವುದು ಏಪ್ರಿಲ್ ಮೂರನೇ ವಾರ.

"ಬದಲಾಗ್ತದೆ ಮಿಸ್ ಆರ್ಲೀತಾ, ಖಂಡಿತ ಬದಲಾಗ್ತದೆ. ಈ ತಪ್ಪು ನಿಮ್ಮದಲ್ಲ, ಯಾರಿಗಾದ್ರೂ ಕಾಣ್ತದೆ."

"ನರ್ಸಿಂಗ್ ಸೀಟು ಏಪ್ರಿಲ್‌ವರೆಗೂ ಇರ್ತದಾ?"

ರೆನೀಟಾ ಕಣ್ಣು ತಗ್ಗಿಸಿದಳು. "ಅದನ್ನ ಅವರನ್ನೇ ಕೇಳ್ಬೇಕು," ಅಂದು ಕಿಟಕಿಯ ಕೆಳಗಿನಿಂದ ಕೈ ಚಾಚಿ ಅವಳ ಬೆರಳುಗಳನ್ನು ಒಂದು ಸಲ ಹಿಡಿದು ಬಿಟ್ಟಳು.

ನರ್ಸಿಂಗ್ ವಿಭಾಗ ಮೂರನೇ ಕಟ್ಟಡದ ಮೇಲುಮಹಡಿಯಲ್ಲಿ. ಏಳು ವರ್ಷ ಆರ್ಲೀತಾ ಆ ಮೆಟ್ಟಿಲನ್ನು ದೂರದಿಂದಲೇ ನೋಡಿದವಳು. ಅವಳ ಪಾಠಗಳೆಲ್ಲ ಕೆಳಗೇ ಇದ್ದವು. ಈಗ ಹತ್ತುವಾಗ ಮೊಣಕಾಲು ನೋಯುತ್ತಿತ್ತು. ಪ್ರತಿ ಮೆಟ್ಟಿಲಿಗೂ ಒಂದೊಂದು ಸಲ ದೇವರನ್ನು ಕರೆದಳು. ಬೇಡಿಕೊಳ್ಳಲು ಮಾತು ಬರಲಿಲ್ಲ, ಬರೀ ಕರೆದಳು.

ಮೇಲೆ ಕಾರಿಡಾರಿನಲ್ಲಿ ಯಾರೋ ಅಳುತ್ತಿದ್ದರು. ಕೌಂಟಿ ಬಸ್ಸಿನ ಡ್ರೈವರಿನ ನೀಲಿ ಜಾಕೆಟ್ ತೊಟ್ಟ, ಮೂವತ್ತರ ಆಸುಪಾಸಿನ ಹೆಂಗಸು. ಗೋಡೆಗೆ ಒರಗಿ, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು. ಇಪ್ಪತ್ತಾರು ವರ್ಷ ಅಳುವವರ ಪಕ್ಕದಲ್ಲಿ ಕೂತ ಅಭ್ಯಾಸ, ಆರ್ಲೀತಾಗೆ ದಾಟಿ ಹೋಗಲು ಆಗಲಿಲ್ಲ.

"ಏನಾಯ್ತು ಕಂದ? ಯಾರಾದ್ರೂ ಹೋದ್ರಾ?"

"ಇಲ್ಲ ಅಮ್ಮಾ," ಎಂದು ಆ ಹೆಂಗಸು ಮುಖವೆತ್ತಿದಾಗ ಅಳುವಿನೊಳಗೇ ನಗು ಇತ್ತು. "ಸೀಟು ಸಿಕ್ತು. ನಾಲ್ಕು ವರ್ಷದಿಂದ ಕಾಯ್ತಾ ಇದ್ದೆ. ಶನಿವಾರ ಬೆಳಿಗ್ಗೆ ಎಂಟಕ್ಕೆ ಮೆಸೇಜ್ ಬಂತು. ಬಸ್ಸು ಓಡಿಸ್ತಾ ಇದ್ದೆ, ನಿಲ್ಲಿಸೇಬಿಟ್ಟೆ. ಜನ ಎಲ್ಲ ಬೈದ್ರು, ಏನಮ್ಮಾ ಹೆರಿಗೆ ಬಂತಾ ಅಂತ! ಯಾರೋ ಒಬ್ಬರು ಬಿಟ್ಟುಕೊಟ್ರಂತೆ. ಆ ಪುಣ್ಯಾತ್ಮರು ಯಾರೋ, ದೇವರು ಅವರನ್ನ ಚೆನ್ನಾಗಿ ಇಟ್ಟಿರ್ಲಿ."

ಆರ್ಲೀತಾ ಅವಳ ಜಾಕೆಟ್ಟಿನ ಮೇಲೆ ಹೊಲಿದಿದ್ದ ಹೆಸರನ್ನು ಓದಿದಳು. ಡೆಸಿರೇ. ಆಮೇಲೆ ತನ್ನ ಕೈಚೀಲದಿಂದ ಕಾಗದದ ಕರವಸ್ತ್ರ ತೆಗೆದುಕೊಟ್ಟಳು. "ಒರೆಸ್ಕೋ. ಒಳ್ಳೇದಾಗ್ಲಿ ನಿನಗೆ," ಎಂದಳು. ಹೇಳಿದ್ದು ಸುಳ್ಳಾಗಿರಲಿಲ್ಲ. ಆದರೆ ಹೇಳುವಾಗ ಬಾಯಿ ಕಹಿಯಾಯಿತು, ಆ ಕಹಿಗೆ ತಾನೇ ನಾಚಿದಳು.

ವಿಭಾಗದ ಮುಖ್ಯಸ್ಥೆ ಶ್ರೀಮತಿ ಸಾಬೋ ಎದ್ದು ನಿಂತೇ ಮಾತಾಡಿದರು. ಕಲ್ಲೆದೆಯವರಲ್ಲ. ಇಂಥ ಮಾತುಗಳನ್ನು ಕೂತು ಹೇಳಿದರೆ ದಿನ ಕಳೆಯುವುದಿಲ್ಲವೆಂದು ಅನುಭವದಿಂದ ಕಲಿತವರು.

"'ಎಫ್' ಬಿದ್ದ ಕೂಡ್ಲೆ ನಿಮ್ಮ ಸೀಟು ಕಾಯ್ತಿದ್ದವರ ಪಟ್ಟೀಲಿ ಮುಂದಿನವರಿಗೆ ಹೋಯ್ತು, ಹಿಂದಕ್ಕೆ ತಗೊಳ್ಳೋಕೆ ಆಗಲ್ಲ ಮಿಸ್ ಪ್ರೂವಿಟ್. ಆಕೆ ಒಪ್ಪಿಗೆ ಕೊಟ್ಟಾಯ್ತು. ನಲವತ್ತೊಂದನೇ ಸೀಟು ಹಾಕೋಣ ಅಂದ್ರೆ ರಾಜ್ಯದವರು ನಮ್ಮ ಮಾನ್ಯತೇನೇ ಕಿತ್ಕೊತಾರೆ. ಆಸ್ಪತ್ರೇಲಿ ಕಲಿಸೋರೊಬ್ಬರಿಗೆ ಹತ್ತೇ ಜನ ಅಂತ ಇದೆ."

"ಆ ಮಗೂದು ಕಿತ್ಕೊಂಡು ನನಗೆ ಕೊಡಿ ಅಂತ ನಾನು ಕೇಳಲ್ಲ," ಎಂದಳು ಆರ್ಲೀತಾ. "ಮುಂದಿನ ವರ್ಷ?"

ಸಾಬೋ ಅವಳ ಕಡತ ತೆರೆದು ನೋಡಿದರು. ನೋಡುತ್ತಾ ನೋಡುತ್ತಾ ಕೂತುಕೊಂಡರು. ಅವರು ಕೂತದ್ದು ಕಂಡೇ ಆ ದಾರಿಯೂ ಮುಚ್ಚಿತೆಂದು ಆರ್ಲೀತಾಗೆ ಗೊತ್ತಾಯಿತು.

"ಅಂಗರಚನೆ ಒಂದನೇ ಭಾಗ ನೀವು ಮಾಡಿದ್ದು ಯಾವಾಗ?"

"ಬಂದ ಮೊದಲನೇ ವರ್ಷ."

"ವಿಜ್ಞಾನದ ಪಾಠಗಳು ಏಳು ವರ್ಷಕ್ಕೆ ಹಳಸ್ತವೆ. ಈ ಆಗಸ್ಟಿಗೆ ಅದು ಮುಗೀತದೆ. ರಸಾಯನಶಾಸ್ತ್ರ ಡಿಸೆಂಬರಿಗೆ. ಮುಂದಿನ ವರ್ಷ ಅರ್ಜಿ ಹಾಕ್ಬೇಕು ಅಂದ್ರೆ ಅವನ್ನೆಲ್ಲ ಮತ್ತೆ ಮಾಡ್ಬೇಕು. ಎರಡನೇ ಭಾಗ ಪಾಸಾದ್ರೂ, ಒಂದನೇದು ಇಲ್ದೆ ಅದನ್ನ ಲೆಕ್ಕಕ್ಕೆ ಹಿಡಿಯಲ್ಲ."

"ಮೂಳೆಗಳು ಬದಲಾಗಿದಾವಾ ಮೇಡಂ ಏಳು ವರ್ಷದಲ್ಲಿ?"

ಸಾಬೋ ಕಡತ ಮುಚ್ಚಿದರು. ಆರ್ಲೀತಾ ಉತ್ತರಕ್ಕೆಂದು ಕೇಳಿರಲಿಲ್ಲ. ಅವಳಿಗೆ ಐವತ್ತೊಂದು. ಒಂದು ಅವಧಿಗೆ ಒಂದೇ ಪಾಠ ಎಂಬ ಅವಳ ನಡಿಗೆಯಲ್ಲಿ ಮತ್ತೆ ಈ ಕೋಣೆಗೆ ಬರುವ ಹೊತ್ತಿಗೆ ತಾನು ಯಾರ ಕೈಯಿಂದ ಉಣ್ಣಿಸಿಕೊಳ್ಳುತ್ತಿರುತ್ತೇನೋ ಎಂದುಕೊಂಡಳು. ಥ್ಯಾಂಕ್ಸ್ ಹೇಳಿ ಹೊರಟಳು.

ಕೆಳಗೆ ಯಾನ್ಸಿ ಕೊಸೆಲ್‌ರ ಮನೆಯ ನಂಬರು ಹುಡುಕಿ ಇಟ್ಟಿದ್ದ. ಮೇಷ್ಟ್ರ ಕಾರಿನ ಬ್ಯಾಟರಿಗೆ ಪ್ರತಿ ಚಳಿಗಾಲವೂ ಜೀವ ಕೊಟ್ಟವನು ಅವನೇ. ಆರ್ಲೀತಾ ಅವನ ಮೇಜಿನ ಪಕ್ಕ ನಿಂತೇ ಫೋನ್ ಮಾಡಿದಳು. ಆ ಕಡೆಯ ಧ್ವನಿ ಅವಳ ಹೆಸರು ಕೇಳಿ ಒಮ್ಮೆಲೇ ಹಿಗ್ಗಿ, "ಮಿಸ್ ಪ್ರೂವಿಟ್! ಹೇಗಿದ್ದೀರಿ?" ಎಂದಿತು. ಆಮೇಲೆ, "ಯಾವ ಪ್ರಬಂಧ?" ಎಂದಿತು. ಎಲ್ಲ ಕೇಳಿದ ಮೇಲೆ, "ಅಲ್ಲೇ ಇರಿ, ಬರ್ತೀನಿ" ಎಂದಿತು.

ಮಧ್ಯಾಹ್ನ ಹನ್ನೆರಡೂವರೆಗೆ ಅವರ ಕಾರು ಬಂತು. ನಿಲ್ಲಿಸಲು ಅವರ ಬಳಿ ಈಗ ಪರವಾನಗಿಯಿರಲಿಲ್ಲ. ಯಾನ್ಸಿ ತಾನೇ ಹೊರಗೆ ಹೋಗಿ ತಡೆಗಂಬ ಎತ್ತಿದ. ಅರವತ್ತೆಂಟರ ಮನುಷ್ಯ ಕೊಸೆಲ್. ಸ್ಲೊವೇನಿಯಾದಿಂದ ಬಂದು ಉಕ್ಕಿನ ಕುಲುಮೆಯಲ್ಲಿ ದುಡಿದವರ ಮೊಮ್ಮಗ. ಬಾಗಿದ ಬೆನ್ನು, ಕಿವಿ ಮುಚ್ಚುವ ಉಣ್ಣೆಯ ಟೋಪಿ. ಒಳಗೆ ಬರುವ ಮೊದಲೇ, ಗಾಳಿಯಲ್ಲೇ ನಿಂತು ಹೇಳಿದರು.

"ನೀವೂ ಹೋದ್ರಿ ಅಂದ್ಕೊಂಡೆ."

"ಎಲ್ಲಿಗೆ ಸರ್?"

"ಎಲ್ಲರೂ ಹೋಗೋ ಕಡೆಗೆ. ಜನವರೀಲಿ ಕ್ಲಾಸು ರದ್ದಾಯ್ತು ಅಂತ ತಿಳಿದ ದಿನವೇ ನನ್ನ ಈಮೇಲ್ ಮುಚ್ಚಿಬಿಟ್ಟಿದ್ರು. ನಿಮ್ಮದು ಬರ್ಬೇಕಿತ್ತು ಅನ್ನೋದು ನೆನಪಿತ್ತು, ಸುಳ್ಳು ಹೇಳಲ್ಲ. ತಮ್ಮ ತೀರಿಕೊಂಡಿದ್ದಾರೆ, ಇನ್ನು ಈಕೇನೂ ಬರೆಯಲ್ಲ ಅಂದ್ಕೊಂಡೆ. ಬರೆಯೋರಾಗಿದ್ರೆ ಹುಡುಕ್ಕೊಂಡು ಬರ್ತಾರೆ ಅಂದ್ಕೊಂಡೆ."

"ನೀವು ಓದ್ತಾ ಇದೀರಿ ಅಂತ ನಾನು ಅಂದ್ಕೊಂಡೆ. ಒಂದು ಫೋನ್ ಮಾಡ್ಬಹುದಿತ್ತಲ್ಲ ಸರ್."

"ಮೊದಲೆಲ್ಲ ಮಾಡ್ತಿದ್ದೆ." ಕೊಸೆಲ್ ಕಾರಿನ ಹಿಂದಕ್ಕೆ ನಡೆದು ಡಿಕ್ಕಿ ಎತ್ತಿದರು. ಪುಸ್ತಕಗಳ ನಡುವೆ ಬೂಟಿನ ರಟ್ಟಿನ ಡಬ್ಬಿಯೊಂದಿತ್ತು. ಪ್ರತಿ ವಿದ್ಯಾರ್ಥಿಗೂ ಒಂದು ಕಾರ್ಡು ಮಾಡುವುದು ಅವರ ರೂಢಿ, ಮೊದಲ ದಿನವೇ ಅವರವರ ಕೈಯಲ್ಲೇ ಬರೆಸುತ್ತಿದ್ದರು: ಹೆಸರು, ಫೋನು, ಯಾಕೆ ಬಂದಿರಿ. "ಇಪ್ಪತ್ತೆರಡು ವರ್ಷ. ಬರದೇ ಹೋದವರ ಕಾರ್ಡೆಲ್ಲ ಇದರಲ್ಲಿ. ಮೊದಲು ಪ್ರತಿಯೊಬ್ಬರಿಗೂ ಫೋನ್ ಮಾಡ್ತಿದ್ದೆ. ನಾಚ್ಕೊಳ್ಳೋರು. ಬರ್ತೀನಿ ಸರ್, ಸೋಮವಾರ ಬರ್ತೀನಿ ಅನ್ನೋರು, ಬರ್ತಿರಲಿಲ್ಲ. ಒಬ್ಬ ಗಂಡಸು ಫೋನಲ್ಲೇ ಅತ್ತ. ಒಂದು ಸಲ ಮಗ ಎತ್ತಿ ಅಮ್ಮ ಸತ್ತುಹೋದ್ರು ಅಂದ. ಆಮೇಲೆ ಬಿಟ್ಟೆ. ಅವರ ಪಾಡಿಗೆ ಅವರನ್ನ ಬಿಡೋದೇ ಮರ್ಯಾದೆ ಅನ್ನಿಸ್ತು."

ಡಬ್ಬಿಯ ಮುಚ್ಚಳ ತೆರೆದೇ ಇತ್ತು. ನೂರಾರು ಕಾರ್ಡುಗಳು, ಅಂಚು ಹಳದಿಗಟ್ಟಿದವು, ರಬ್ಬರ್ ಬ್ಯಾಂಡ್ ಹರಿದು ಅಂಟಿಕೊಂಡವು. ಎಲ್ಲಕ್ಕಿಂತ ಮುಂದಿನದು ಇನ್ನೂ ಬೆಳ್ಳಗಿತ್ತು. ತನ್ನ ದುಂಡು ಅಕ್ಷರವನ್ನು ಆರ್ಲೀತಾ ಗುರುತಿಸಿದಳು. ಯಾಕೆ ಬಂದಿರಿ ಎಂಬುದರ ಎದುರು ಅವಳು ಬರೆದಿದ್ದಳು: ಗಂಟೆ ಒತ್ತಿ ಕಾಯುವುದು ಸಾಕಾಗಿದೆ.

ಸತ್ತವರ ನಡುವೆ ತನ್ನ ಹೆಸರನ್ನು ಕಂಡ ಹಾಗಾಯಿತು ಅವಳಿಗೆ. ಗಾಳಿ ಡಿಕ್ಕಿಯೊಳಗೂ ನುಗ್ಗಿ ಕಾರ್ಡುಗಳನ್ನು ಪಟಪಟ ಅನ್ನಿಸಿತು. ಕೊಸೆಲ್ ಗಾಬರಿಯಿಂದ ಮುಚ್ಚಳ ಹಾಕಿ, ಅದರ ಮೇಲೆ ಕೈಯಿಟ್ಟುಕೊಂಡು ನಿಂತರು. ಬೈಯಬೇಕೆಂದು ಅವಳ ನಾಲಿಗೆಯವರೆಗೆ ಬಂತು. ಆದರೆ ಅದು ಮುಪ್ಪಿನ ಕೈ. ಅಂಥ ಕೈಗಳನ್ನು ಹಿಡಿದೇ ಅವಳ ಜೀವನ ಕಳೆದಿತ್ತು.

ಇಬ್ಬರೂ ಒಟ್ಟಿಗೆ ವಿಜ್ಞಾನ ವಿಭಾಗದ ಡೀನರ ಕೋಣೆಗೆ ಹೋದರು. ಡೀನ್ ಕೇಳಿಸಿಕೊಂಡರು, ತಲೆಯಾಡಿಸಿದರು, ಸಮಿತಿಗೆ ತಾವೇ ಬರೆಯುತ್ತೇವೆ ಎಂದರು. ಕೊಸೆಲ್ ಸಹಿ ಮಾಡುತ್ತೇನೆಂದು ಪೆನ್ನು ತೆಗೆದರೆ, "ನಿಮ್ಮ ಸಹಿ ಈಗ ನಡೆಯಲ್ಲ ಹೆನ್ರಿ, ಗೊತ್ತಲ್ಲ," ಎಂದರು, ಮೆತ್ತಗೆ. ಕೊಸೆಲ್ ಪೆನ್ನನ್ನು ಮುಚ್ಚಿ ಜೇಬಿಗೆ ಹಾಕಿಕೊಂಡರು. ಹೊರಗೆ ಬಂದ ಮೇಲೆ ಕೇಳಿದರು:

"ಅದರ ಪ್ರತಿ ಇದೆಯಾ ನಿಮ್ಮತ್ರ?"

"ಇದೆ. ಇನ್ನು ಯಾಕೆ ಸರ್? ಓದಿದ್ರೂ ಒಂದೇ, ಬಿಟ್ರೂ ಒಂದೇ."

"ಕೊಡಿ."

"ನಾನು ಮತ್ತೆ ಬರಲ್ಲ ಸರ್. ನಿಮಗೆ ಹೇಳಿಬಿಡ್ತೀನಿ. ಸೋಮವಾರ ಬರ್ತೀನಿ ಅಂತ ಹೇಳೋಳಲ್ಲ ನಾನು."

"ಗೊತ್ತು," ಎಂದರು ಕೊಸೆಲ್. "ಕೊಡಿ."

ಗ್ರಂಥಾಲಯದ ಯಂತ್ರ ಹನ್ನೆರಡು ಪುಟಗಳನ್ನು ಒಂದೊಂದಾಗಿ ಉಗುಳಿತು. ಬೆಚ್ಚಗಿದ್ದ ಕಾಗದಗಳನ್ನು ಅವಳು ಜೋಡಿಸಿ ಅವರ ಕೈಗೆ ಕೊಟ್ಟಳು. ಅವರಿಗೆ ಎರಡು ಗಂಟೆಗೆ ಇನ್ನೊಂದು ಊರಿನಲ್ಲಿ ಪಾಠವಿತ್ತು. ಕಾರು ಹೊರಟು ಹಿಮದಲ್ಲಿ ಮರೆಯಾಗುವವರೆಗೂ ಯಾನ್ಸಿ ಬಾಗಿಲಲ್ಲಿ ನಿಂತಿದ್ದ.

"ಬುಧವಾರ ಪ್ರಾರ್ಥನೇಲಿ ನಿಮ್ಮ ಹೆಸರು ಎತ್ತೋಣವಾ ಸಿಸ್ಟರ್?" ಎಂದು ಕೇಳಿದ.

"ಬೇಡ ಡೀಕನ್. ಏನಂತ ಎತ್ತುತೀರಿ? ಕೇಳೋಕೆ ಏನೂ ಉಳಿದಿಲ್ಲ."

ಆ ಬುಧವಾರ ಅವಳು ಚರ್ಚಿಗೆ ಹೋಗಲಿಲ್ಲ. ಮೂವತ್ತು ವರ್ಷಗಳಲ್ಲಿ ಅದೇ ಮೊದಲು. ಮನೆಯಲ್ಲಿ ಮೊಣಕಾಲೂರಿ ಕೂತಳು. ದೇವರ ಮೇಲೆ ಸಿಟ್ಟೇನೂ ಬರಲಿಲ್ಲ, ಬಂದಿದ್ದರೆ ಚೆನ್ನಾಗಿತ್ತು. ಸಿಟ್ಟು ಮಾಡಿಕೊಳ್ಳಲು ಎದುರಿಗೆ ಯಾರಾದರೂ ಇರಬೇಕು. ಮುಚ್ಚಿದ ಪೆಟ್ಟಿಗೆಗೆ ಬಿದ್ದದ್ದು ಬಿದ್ದ ಹಾಗೇ ಎಂದು ರೆನೀಟಾ ಹೇಳಿದ ಮಾತು ಪ್ರಾರ್ಥನೆಯ ನಡುನಡುವೆ ಬಂದು ಅಡ್ಡ ನಿಲ್ಲುತ್ತಿತ್ತು. ಬಹಳ ಹೊತ್ತಾದ ಮೇಲೆ ಮಂಚದ ಅಂಚು ಹಿಡಿದು ಎದ್ದು, ರಾತ್ರಿಗೆಂದು ಮಾಡಿಟ್ಟ ಅವರೆಕಾಳು, ಮೆಕ್ಕೆಜೋಳದ ಬ್ರೆಡ್ಡನ್ನು ಹಾಗೇ ಮುಚ್ಚಿಟ್ಟು ಮಲಗಿದಳು.

ಗುರುವಾರ ಹಗಲು ಪಾಳಿ. ಊಟದ ಹೊತ್ತಿಗೆ ಆರೈಕೆ ಮನೆಯ ಕೆಳಗಿನ ಹಾಲಿನಲ್ಲಿ ಗಾಲಿಕುರ್ಚಿಗಳು ಸಾಲುಗಟ್ಟಿದ್ದವು. ಆರ್ಲೀತಾ ತೊಂಬತ್ತೊಂದು ವರ್ಷದ ಶ್ರೀಮತಿ ಡುಡೆಕ್‌ಗೆ ಪೀಚ್ ಹಣ್ಣಿನ ತುಣುಕನ್ನು ಚಮಚದಲ್ಲಿ ಉಣಿಸುತ್ತಿದ್ದಳು. ಮುದುಕಿ ಬಾಯಿ ಬಿಗಿಹಿಡಿದು, "ಇದು ಹುಳಿ. ನೀನು ತಿನ್ನು ನೋಡೋಣ," ಎಂದು ಹಟ ಮಾಡುತ್ತಿದ್ದಳು.

"ನಾನು ತಿಂದ್ರೆ ನಿಮಗೆ ಉಳಿಯಲ್ಲ ಅಜ್ಜಿ. ನನ್ನ ಹೊಟ್ಟೆ ನೋಡಿದ್ದೀರಲ್ಲ."

"ಆ ಬಾಗಿಲಲ್ಲಿ ನಿಂತಿರೋನಿಗೆ ಕೊಡು ಹಂಗಾದ್ರೆ. ಹಸಿದೋನ ಹಾಗೆ ಕಾಣ್ತಾನೆ. ನಿನ್ನ ಹುಡುಗನಾ?"

ಆರ್ಲೀತಾ ತಿರುಗಿ ನೋಡಿದಳು. ಕೊಸೆಲ್ ಟೋಪಿಯನ್ನು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದರು. ಜಾಗ ಯಾನ್ಸಿ ಹೇಳಿರಬೇಕು. ಎಷ್ಟು ಹೊತ್ತಿನಿಂದ ನಿಂತಿದ್ದರೋ, ಬೂಟಿನ ಸುತ್ತ ಹಿಮ ಕರಗಿ ನೀರಾಗಿತ್ತು. ಗಾಲಿಕುರ್ಚಿಗಳ ನಡುವೆ ದಾರಿ ಮಾಡಿಕೊಂಡು, ಯಾರಿಗೂ ತಗುಲದಂತೆ ಬಂದರು.

"ಓದಿದೆ," ಎಂದರು.

ಅವಳು ಅಜ್ಜಿಯ ಗಲ್ಲ ಒರೆಸಿದಳು.

"ಏಳನೇ ಪುಟದಲ್ಲಿ ಒಂದು ಕವಾಟದ ಹೆಸರು ತಪ್ಪಿದೆ. ಎಡಗಡೆಯದನ್ನ ಬಲಗಡೆಗೆ ಬರೆದಿದ್ದೀರಿ. ತಿದ್ದಿದ್ದೀನಿ. ಬೇರೆಲ್ಲ ಸರಿಯಿದೆ." ಅವರು ಟೋಪಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡರು. "ರೋಗಿ ಕುರ್ಚೀಲಿ ಮಲಗ್ತಿದ್ದ ಅಂತ ಬರೆದಿದ್ದೀರಲ್ಲ, ಅವನ ಹೆಸರೇನು?"

"ಲೆಮ್ಯುಯೆಲ್."

"ಲೆಮ್ಯುಯೆಲ್," ಎಂದು ಕೊಸೆಲ್ ಒಂದು ಸಲ ಹೇಳಿದರು.

ಆಮೇಲೆ ಕೋಟಿನ ಒಳಗಿನಿಂದ ಮಡಿಕೆ ಬೀಳದ ಹಾಗೆ ಹಿಡಿದು ತಂದಿದ್ದ ಹನ್ನೆರಡು ಪುಟಗಳನ್ನು ತೆಗೆದರು. ಪ್ರತಿ ಪುಟದ ಅಂಚಿನಲ್ಲೂ ಕೆಂಪು ಶಾಯಿಯ ಸಣ್ಣ ಅಕ್ಷರಗಳಿದ್ದವು. ಆರ್ಲೀತಾ ಚಮಚವನ್ನು ಬಟ್ಟಲಲ್ಲಿಟ್ಟು, ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡಳು. ಅವರು ಅವನ್ನು ಅವಳ ಕೈಗೆ ಕೊಟ್ಟರು.